ಹಿಂಬದಿಯ ಕಿಂಡಿ

ಗ್ರಂಥಾಲಯದ ಹಳೇ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ತಂತ್ರಾಂಶ ಹಾಕಬೇಕಿತ್ತು. ಆದರೆ ಪೆನ್‌ಡ್ರೈವ್ ಚುಚ್ಚಿದರೆ ಕಂಪ್ಯೂಟರ್ ಅದನ್ನು ಗುರುತೇ ಹಿಡಿಯುತ್ತಿರಲಿಲ್ಲ. ಮುಖ್ಯಸ್ಥ ವಿರೂಪಾಕ್ಷಯ್ಯನವರು ನಾಲ್ಕು ಪೆನ್‌ಡ್ರೈವ್ ಬದಲಾಯಿಸಿ ಸೋತರು. ಕೊನೆಗೆ ಅಟೆಂಡರ್ ತಿಪ್ಪಮ್ಮನ ಮೇಲೆ ಹರಿಹಾಯ್ದರು.

"ದಿನಾ ಒರೆಸೋಳು ನೀನು. ಹಾಳು ಮಾಡಿದ್ದು ಯಾರು ಅಂತ ಸಂಜೆಯೊಳಗೆ ಬರೆದುಕೊಡು. ಮೇಲಕ್ಕೆ ಕಳಿಸ್ತೀನಿ, ಅವರ ಕೆಲಸ ಹೋಗಬೇಕು!"

"ಹೆಸರು ಬರೀಲೇಬೇಕಾ ಸಾರ್?"

"ಎಷ್ಟೇ ದೊಡ್ಡೋರಾದ್ರೂ ಬಿಡಬೇಡ!"

ತಿಪ್ಪಮ್ಮ ಕಂಪ್ಯೂಟರ್ ಆಫ್ ಮಾಡಿದಳು. ಪೆನ್‌ಡ್ರೈವ್ ಚುಚ್ಚುವ ಮುಂದಿನ ಕಿಂಡಿಯನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಕೆಳಗೆ ಹಿಡಿದ ಕಾಗದದ ಮೇಲೆ ಒಣಗಿದ ಗಂಧ, ಕುಂಕುಮ ಉದುರಿತು. ಆಯುಧಪೂಜೆಯ ದಿನ ಬೇರೆ ಯಾರಿಗೂ ಮುಟ್ಟಗೊಡದೆ ಕಂಪ್ಯೂಟರಿನ ಮುಂಭಾಗಕ್ಕೆ ಗಂಧ ಬಳಿದವರು ಸಾಕ್ಷಾತ್ ವಿರೂಪಾಕ್ಷಯ್ಯನವರೇ.

"ಇನಿಷಿಯಲ್ ಸಮೇತ ಬರೀಲಾ ಸಾರ್?"

ಸಾಹೇಬರು ಕೆಮ್ಮಿದರು. ಆ ಕಾಗದವನ್ನು ತಾವೇ ಮಡಚಿ ಜೇಬಿಗಿಟ್ಟುಕೊಂಡರು. "ದೇವರ ಕೆಲಸಕ್ಕೆ ಹೆಸರು ಯಾಕಮ್ಮ?"

ತಿಪ್ಪಮ್ಮ ಕಂಪ್ಯೂಟರಿನ ಡಬ್ಬಿಯನ್ನು ತಿರುಗಿಸಿ, ಪೆನ್‌ಡ್ರೈವನ್ನು ಹಿಂಬದಿಯ ಕಿಂಡಿಗೆ ಚುಚ್ಚಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಲಿನಕ್ಸ್ ಮೂಡಿತು.

ಸಾಹೇಬರು ಬೆರಗಾದರು. "ಹಿಂದಿನದು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು, ತಿಪ್ಪಮ್ಮನವರೇ?"

"ಅದಕ್ಕೆ ನೀವು ಪೂಜೆ ಮಾಡಿರಲಿಲ್ಲವಲ್ಲ ಸಾರ್."