ಬಳ್ಳಿಯ ಹುಸಿಮೊಟ್ಟೆಗಳು

ಕೃಷ್ಣಕಮಲದ ಬಳ್ಳಿ ತನ್ನ ಎಲೆಗಳ ಮೇಲೆ ಹಳದಿ ಚುಕ್ಕೆಗಳನ್ನು ಮೂಡಿಸಿಕೊಂಡಿತ್ತು. ಅವು ಥೇಟ್ ಚಿಟ್ಟೆಯ ಮೊಟ್ಟೆಗಳಂತೆಯೇ ಕಾಣುತ್ತಿದ್ದವು.

ಮೊಟ್ಟೆಯಿಡಲು ಬಂದ ಚಿಟ್ಟೆಗೆ ಬಳ್ಳಿ ಹೇಳಿತು: "ಜಾಗ ಇಲ್ಲಮ್ಮ. ಆಗಲೇ ಬೇರೊಬ್ಬಳು ಇಟ್ಟು ಹೋಗಿದ್ದಾಳೆ."

ಚಿಟ್ಟೆ ಒಂದು ಚುಕ್ಕೆಯನ್ನು ಕಾಲಿನಿಂದ ಮುಟ್ಟಿ ನೋಡಿ ನಕ್ಕಿತು. "ಇವು ಮೊಟ್ಟೆಗಳಲ್ಲ."

"ಅಲ್ಲ, ಏನೀಗ?" ಬಳ್ಳಿ ಸಿಡುಕಿತು. "ಹೋದ ಸಲ ಹುಟ್ಟಿದ ಹುಳುಗಳು ಒಂದೆಲೆಯನ್ನೂ ಬಿಡದೆ ಮೇಯ್ದು, ಹೇಳದೆ ಕೇಳದೆ ಹಾರಿಹೋದವು."

"ಅಮ್ಮ, ಆ ಹುಳುಗಳಲ್ಲಿ ನಾನೂ ಒಬ್ಬಳು" ಎಂದಿತು ಚಿಟ್ಟೆ. "ಚೊಚ್ಚಲ ಹೆರಿಗೆಗೆ ತವರು ಬಿಟ್ಟು ಇನ್ನೆಲ್ಲಿಗೆ ಹೋಗಲಿ?"

ಬಳ್ಳಿ ಗದರಿತು: "ಆ ಎಲೆ ಬಲಿತಿದೆ, ಅಲ್ಲಿಡಬೇಡ. ಈ ಎಳೆಯದರ ಮೇಲೆ ಇಡು, ಮಕ್ಕಳಿಗೆ ಅಗಿಯಲು ಮೆತ್ತಗಿರುತ್ತದೆ."