ಸರಿ ಸ್ವಾಮಿ

"ಗುರುಗಳೇ, ನಾಲ್ಕು ಜನ ಇರುವ ಜಾಗದಲ್ಲಿ ನಡೆದುಕೊಳ್ಳಲು ಬಾರದವನಿಗೆ ಶಿಕ್ಷೆಯೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಆಗಷ್ಟೇ ಹೊಳೆ ದಾಟಿ ಬಂದಿದ್ದ. ದೋಣಿಯಲ್ಲಿ ಒಬ್ಬ ಮೂವರ ಜಾಗದಲ್ಲಿ ಕಾಲು ಚಾಚಿ ಕುಳಿತಿದ್ದನಂತೆ. ಎಲೆ ಅಡಿಕೆ ಜಗಿದು ಕಂಡಲ್ಲಿ ಉಗುಳುತ್ತಿದ್ದನಂತೆ. ಕೈಗೂಸಿನ ತಾಯಿಯೊಬ್ಬಳು ನಿಂತೇ ಇದ್ದರೂ, ನೋಡಿ ನೋಡಿ ಕಾಲು ಮಡಿಸಲಿಲ್ಲವಂತೆ.

"ನೀನೇನು ಮಾಡಿದೆ?" ಎಂದು ಗುರು ಕೇಳಿದರು.

"ಎದ್ದು ಆ ತಾಯಿಗೆ ನನ್ನ ಜಾಗ ಕೊಟ್ಟೆ. ಅವನಿಗೆ ಏನೂ ಹೇಳಲಿಲ್ಲ. ಕೋಪ ಬಂತು, ನುಂಗಿಕೊಂಡೆ. ತಾಳಿದವನು ಬಾಳಿಯಾನು ಎಂದು ನೀವೇ ಹೇಳಿದ್ದೀರಲ್ಲ."

"ನಾನು ಬಹಳ ಹೇಳಿದ್ದೇನೆ. ನಿನಗೆ ಅನುಕೂಲವಾದದ್ದನ್ನು ನೆನಪಿಟ್ಟುಕೊಂಡಿದ್ದೀಯೆ. ಕುಳಿತುಕೋ" ಎಂದು ಗುರು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಎತ್ತಿನ ಮೇಲೆ ಕಂಬಳಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುವವನು. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಮನೆಗೆ ಬೀಗ ಹಾಕಿ ಬಂದವನು ಮತ್ತೆ ಆ ಬೀಗ ತೆಗೆಯಲು ಮನಸ್ಸು ಮಾಡಲಿಲ್ಲ. ತೆಗೆದು ಒಳಗೆ ಹೋದರೆ ಮಾತಾಡಿಸುವವರು ಯಾರು?

ಅವನ ದಾರಿಯಲ್ಲಿ ಒಂದು ಛತ್ರವಿತ್ತು. ಸಂಜೆಯಾದರೆ ದಾರಿಹೋಕರು ಅಲ್ಲಿ ಸೇರುತ್ತಿದ್ದರು. ದೀಪ ಹಚ್ಚಿ, ಸುತ್ತ ಕುಳಿತು, ಅವರವರ ಬುತ್ತಿ ಬಿಚ್ಚುತ್ತಿದ್ದರು. ಇವನ ರೊಟ್ಟಿ ಅವನಿಗೆ, ಅವನ ಚಟ್ನಿ ಇವನಿಗೆ. ಮಳೆ ಬೆಳೆ, ಮಗಳ ಮದುವೆ, ಮಂಡಿನೋವು, ಎಲ್ಲ ಮಾತೂ ಅಲ್ಲಿ ಬರುತ್ತಿತ್ತು. ವ್ಯಾಪಾರಿಗೆ ಲೋಕದಲ್ಲಿ ಮನೆ ಎನ್ನುವುದು ಉಳಿದಿದ್ದರೆ ಆ ದೀಪದ ಸುತ್ತ ಮಾತ್ರ. ದಿನವಿಡೀ ಎತ್ತಿನ ಹಿಂದೆ ನಡೆಯುವಾಗ, ಸಂಜೆಗೆ ಹೇಳಬೇಕಾದ ಮಾತುಗಳನ್ನು ಅವನು ಕೂಡಿಸಿಟ್ಟುಕೊಳ್ಳುತ್ತಿದ್ದ.

ಆದರೆ ಅವನಿಗೆ ಕೂರಲು ಬರುತ್ತಿರಲಿಲ್ಲ. ನಗಬೇಡ. ನಾಲ್ಕು ಜನರ ನಡುವೆ ಕೂರುವುದೂ ಕಲಿಯಬೇಕಾದ ವಿದ್ಯೆ. ಅವನು ಬಂದವನೇ "ಸರಿ, ಆಚೆ ಸರಿ" ಎನ್ನುತ್ತ ನಟ್ಟನಡುವೆ ಹೊರೆ ಇಳಿಸುತ್ತಿದ್ದ. ಕುಡಿಯುವ ನೀರಿನ ಹಂಡೆಯ ಪಕ್ಕದಲ್ಲೇ ಕಾಲು ತೊಳೆಯುತ್ತಿದ್ದ. ಕಂಬಕ್ಕೆ ಉಗುಳುತ್ತಿದ್ದ. ಯಾರಾದರೂ ಮಾತಾಡುತ್ತಿದ್ದರೆ ಅವರ ದನಿಯ ಮೇಲೆ ತನ್ನ ದನಿ ಏರಿಸುತ್ತಿದ್ದ. ಕೆಟ್ಟವನೇನಲ್ಲ. ಒಬ್ಬರ ಗಂಟು ಮುಟ್ಟಿದವನಲ್ಲ. ಅಷ್ಟು ಜನರ ನಡುವೆ ತಾನೂ ಇದ್ದೇನೆ ಎಂದು ತೋರಿಸಿಕೊಳ್ಳಲು ಅವನಿಗೆ ಬೇರೆ ದಾರಿ ತಿಳಿದಿರಲಿಲ್ಲ.

ಜನ "ಸರಿ" ಎಂದು ಸರಿಯುತ್ತಿದ್ದರು. ಈ ಮಾತು ಬಹಳ ಮೋಸದ್ದು. ಒಪ್ಪಿದೆ ಎನ್ನುವುದಕ್ಕೂ ಸರಿ, ದೂರ ಹೋಗು ಎನ್ನುವುದಕ್ಕೂ ಸರಿ. ವ್ಯಾಪಾರಿ ಅದನ್ನು ಮರ್ಯಾದೆ ಎಂದುಕೊಂಡ.

ಒಬ್ಬ ಮುದುಕ ಮಾತ್ರ ಸರಿಯಲಿಲ್ಲ. ಅವನು ಊರೂರು ತಿರುಗುವ ಬಳೆಗಾರ.

"ಲೋ ತಮ್ಮಾ, ಕುಡಿಯೋ ನೀರಿನ ಪಕ್ಕ ಕಾಲು ತೊಳೀತೀಯಲ್ಲೋ. ಕಂಬಕ್ಕೆ ಬೇರೆ ಉಗೀತೀಯ. ಬುದ್ಧಿ ಇಲ್ವೇನೋ ನಿಂಗೆ?" ಎಂದ.

"ಛತ್ರ ಏನು ನಿಮ್ಮಪ್ಪಂದಾ?" ಎಂದ ವ್ಯಾಪಾರಿ.

"ನಮ್ಮಪ್ಪಂದಾಗಿದ್ರೆ ಹಾಳಾಗ್ಲಿ ಅಂತ ಸುಮ್ನಿರ್ತಿದ್ದೆ. ನಿಂದೂ ಹೌದಲ್ಲ, ಅದಕ್ಕೇ ಹೇಳ್ತಿರೋದು. ಬಾ, ಕೈ ತೊಳ್ಕೊಂಡು ಕೂತ್ಕೊ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ವಿಷವಿರಲಿಲ್ಲ. ಮುದುಕ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಮುಂದೆ ಚಾಚಿದ್ದ. ವ್ಯಾಪಾರಿಗೆ ನಗು ಕೇಳಿಸಿತು, ರೊಟ್ಟಿ ಕಾಣಿಸಲಿಲ್ಲ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ಅವನೂ ಕೇಳಿದ್ದ. ಗಾದೆ ಕೇಳುವುದಕ್ಕೇನು, ಊರಿಗೆ ಊರೇ ಕೇಳಿರುತ್ತದೆ.

ಮುಂದಿನ ಸಂತೆಗೆ ಬಂದಾಗ ಅವನು ಬೇಕೆಂದೇ ಮುದುಕನ ಪಕ್ಕಕ್ಕೆ ಹೋಗಿ ಹೊರೆಯನ್ನು ಧೊಪ್ಪೆಂದು ಎಸೆದ. ಕೆಳಗೆ ಬಳೆಯ ಗಂಟಿತ್ತು. ಗಾಜು ನುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ದಾರೀಲಿ ಯಾಕಿಟ್ಟೆ?" ಎಂದ.

ಅಂದು ಮುದುಕ ಬೈದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ವ್ಯಾಪಾರಿ ಬೈಗುಳಕ್ಕೆ ಕಾದು ನಿಂತಿದ್ದ. ಮುದುಕ ಎರಡು ಮಾತು ಆಡಿದ್ದರೆ ಇವನು ನಾಲ್ಕು ಆಡಿ, ಆಮೇಲೆ ತಪ್ಪಾಯಿತು ಎನ್ನುತ್ತಿದ್ದನೋ ಏನೋ. ಮುದುಕ ನೆಲಕ್ಕೆ ಬಗ್ಗಿದ. ಬರಿಗಾಲಿನವರಿಗೆ ಚುಚ್ಚೀತು ಎಂದು ನೆಲದ ಮೇಲಿನ ಚೂರುಗಳನ್ನೆಲ್ಲ ಆರಿಸಿ ಬಟ್ಟೆಯಲ್ಲಿ ಕಟ್ಟಿದ. ಆಮೇಲೆ ಎದ್ದು, "ಸರಿ ಸ್ವಾಮಿ. ನೀವು ಕೂತ್ಕೊಳ್ಳಿ" ಎಂದ.

ಲೋ ಎಂದವನು ಸ್ವಾಮಿ ಎಂದ. ನೀನು ಎಂದವನು ನೀವು ಎಂದ. ವ್ಯಾಪಾರಿ ತಾನು ಗೆದ್ದೆ ಎಂದುಕೊಂಡ.

ಅಂದಿನಿಂದ ಅವನಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಕೆಸರಿಗೆ ಕಲ್ಲು ಎಸೆದರೆ ನಮ್ಮ ಮುಖಕ್ಕೇ ಸಿಡಿಯುತ್ತದೆ ಎಂದ ಒಬ್ಬ. ನಮಗೇಕೆ ಊರ ಉಸಾಬರಿ ಎಂದ ಇನ್ನೊಬ್ಬ. ಅವನು ಬಂದರೆ ಎಲ್ಲರೂ "ಸರಿ ಸ್ವಾಮಿ" ಎನ್ನುತ್ತಿದ್ದರು, ಸರಿಯುತ್ತಿದ್ದರು. ಮೊದಲು ನಡುವಿನಿಂದ ಗೋಡೆಗೆ ಸರಿದರು. ಆಮೇಲೆ ಗೋಡೆಯಿಂದ ಜಗಲಿಗೆ. ಕೊನೆಗೆ ಜಗಲಿಯನ್ನೂ ಬಿಟ್ಟು ಎದುರಿನ ಹುಣಸೆ ಮರದ ಕೆಳಗೆ ಇಳಿದರು. ಹುಣಸೆ ಮರದ ಕೆಳಗೆ ಮಲಗಬಾರದು, ದೆವ್ವ ಇರುತ್ತದೆ ಎನ್ನುತ್ತಾರೆ. ಇವನಿಗಿಂತ ದೆವ್ವವೇ ವಾಸಿ ಎಂದುಕೊಂಡಿರಬೇಕು.

ಇಡೀ ಛತ್ರ ವ್ಯಾಪಾರಿಯದಾಯಿತು. ಎಷ್ಟು ಕಾಲು ಚಾಚಿದರೂ ಯಾರಿಗೂ ತಾಗಲಿಲ್ಲ. ಮೊದಲ ಸಂಜೆ ಸುಖವಾಗಿ ಉಂಡ. ಮರುಸಲ ಬಂದಾಗ, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು ಬಾಯಿಯವರೆಗೆ ಬಂತು. ಕೇಳಲು ಯಾರೂ ಇರಲಿಲ್ಲ. ಮರದ ಕಡೆಯಿಂದ ನಗು ಕೇಳಿಸಿತು. ಯಾವ ಮಾತಿಗೆ ನಗುತ್ತಿದ್ದಾರೆ ಎಂದು ತಿಳಿಯಲು ಅವನ ಜೀವ ಹಾತೊರೆಯಿತು.

ಅದು ಮಾಗಿಯ ಚಳಿ. ಅವನು ಹೊರೆ ಬಿಚ್ಚಿ, ಒಳ್ಳೆಯ ಕಂಬಳಿಗಳನ್ನೇ ಆರಿಸಿಕೊಂಡು ಮರದ ಬಳಿಗೆ ಹೋದ. ಮಾತು ನಿಂತಿತು. ಎಲ್ಲರೂ ಎದ್ದು ನಿಂತರು.

"ಚಳಿ ಇದೆ, ಹೊದ್ಕೊಳ್ಳಿ" ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ. ಬಳೆಗಾರ ಮುದುಕ ನಡುಗುತ್ತಿದ್ದ. ವ್ಯಾಪಾರಿ ಅವನ ಮುಂದೆ ಕಂಬಳಿ ಹಿಡಿದು, "ಅಜ್ಜಾ, ಒಂದ್ಸಲ ಬೈದುಬಿಡು" ಎಂದ.

ಮುದುಕ ಕೈಮುಗಿದ. "ನಿಮ್ಮನ್ನ ಬೈಯೋಕೆ ನಾವ್ಯಾರು ಸ್ವಾಮಿ? ಕಂಬಳಿ ಬೇಡ, ನಮಗೆ ಚಳಿ ಅಭ್ಯಾಸ ಆಗಿದೆ. ನೀವು ಕೂತ್ಕೊಳ್ಳಿ" ಎಂದು ಸರಿದ. ಉಳಿದವರೂ ಸರಿದರು. ಒಬ್ಬ ಮನುಷ್ಯ ಕೂರಲು ಬೇಕಾದದ್ದಕ್ಕಿಂತ ಬಹಳ ದೊಡ್ಡ ಜಾಗವಾಯಿತು. ವ್ಯಾಪಾರಿ ಅದರ ನಡುವೆ ಕಂಬಳಿ ಹಿಡಿದು ನಿಂತಿದ್ದ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಬೈಗುಳಕ್ಕೆ ಮದ್ದುಂಟು, ಅಂಥ ಮರ್ಯಾದೆಗೆ ಮದ್ದಿಲ್ಲ. ಅವನು ಕಂಬಳಿಗಳನ್ನು ಹೊತ್ತುಕೊಂಡು ವಾಪಸು ಬಂದ.

ಮುಂದಿನ ಸಂತೆಗೆ ಬಂದಾಗ ಅವನು ಬೀದಿಯಲ್ಲೇ ಕಾಲು ತೊಳೆದು ಒಳಗೆ ಕಾಲಿಟ್ಟ. ಕಂಬದ ಮೇಲಿನ ಕೆಂಪು ಕಲೆಗಳನ್ನು ಕೈಯಾರೆ ಉಜ್ಜಿ ತೆಗೆದ. ಹೊರೆಯನ್ನು ಮೂಲೆಗೆ ಸೇರಿಸಿದ. ದೀಪ ಹಚ್ಚಿ, ನಡುವಿನ ಜಾಗ ಬಿಟ್ಟು, ಗೋಡೆಯ ಪಕ್ಕದಲ್ಲಿ ಕಾಲು ಮಡಿಸಿ ಕುಳಿತ. ಯಾರಾದರೂ ನೋಡಲಿ ಎಂದು ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದ.

ಹೊಸಬನೊಬ್ಬ ಗಂಟು ಹೊತ್ತು ಮೆಟ್ಟಿಲ ತನಕ ಬಂದ. ವ್ಯಾಪಾರಿ ಇನ್ನಷ್ಟು ಸರಿದು ಕುಳಿತ. ಬನ್ನಿ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮರದ ಕೆಳಗಿನಿಂದ ಕೂಗು ಬಂತು: "ಅಲ್ಲಿ ಬ್ಯಾಡ ಕಣಪ್ಪಾ, ಇಲ್ಲಿ ಬಾ. ನಮ್ ಜೊತೆ ಕೂತ್ಕೊ."

ಹೊಸಬ ಒಳಗೊಮ್ಮೆ ನೋಡಿದ. ಕೈಮುಗಿದು ಇಳಿದು ಹೋದ.

ವ್ಯಾಪಾರಿ ಬುತ್ತಿ ಬಿಚ್ಚಿದ. ಅದನ್ನು ಎರಡು ಪಾಲು ಮಾಡಿದ. ಒಂದನ್ನು ಉಂಡ.

ಗುರು ಇಲ್ಲಿಗೆ ನಿಲ್ಲಿಸಿದರು.

"ತಕ್ಕ ಶಾಸ್ತಿಯೇ ಆಯಿತು ಬಿಡಿ" ಎಂದ ಶಿಷ್ಯ. ಅವನ ಮುಖದಲ್ಲಿ ಸಮಾಧಾನವಿತ್ತು. "ಆದರೂ ಆ ಜನ ಅವನ ಮೇಲೆ ಕೈ ಎತ್ತಲಿಲ್ಲ. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಎಷ್ಟು ಒಳ್ಳೆಯವರು!"

ಗುರು ಹೇಳಿದರು:

"ಹೌದಪ್ಪಾ, ಅವನನ್ನು ಕೈಬಿಟ್ಟವರೆಲ್ಲ ನಿನ್ನಷ್ಟೇ ಒಳ್ಳೆಯವರು."