ಫೋಟೊಗೆ ನಿಂತ ಕೆಂಪಕ್ಷರ

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪ್ರಮಥನೆಂಬ ವಿದ್ಯಾರ್ಥಿ ಲೈಬ್ರರಿ ಪುಸ್ತಕ ಕಾದಿರಿಸುವ ವೆಬ್ ಪುಟವೊಂದನ್ನು ಕಟ್ಟುತ್ತಿದ್ದ. ಪುಟ ಕೇಳಬೇಕು, ಅದೇ ಕಂಪ್ಯೂಟರಿನಲ್ಲಿ ಓಡುವ ಸರ್ವರ್ ಎಂಬ ಪ್ರೋಗ್ರಾಂ ಉತ್ತರ ಕೊಡಬೇಕು, ಪಾಠ ಇಷ್ಟೇ. ಅವನು ಪುಟದ ಬಟನ್ ಒತ್ತಿದ. ಪರದೆಯ ಮೇಲೆ ಕೆಂಪಕ್ಷರ ಎದ್ದು ನಿಂತು ಹೇಳಿತು: "ಸರ್ವರ್ ಇನ್ನೂ ಶುರುವಾಗಿಲ್ಲ. ಮೊದಲು ಅದನ್ನು ಶುರು ಮಾಡು."

ಪ್ರಮಥ ಮತ್ತೆ ಬಟನ್ ಒತ್ತಿದ. ವೈಫೈಗೆ ಶಾಪ ಹಾಕಿದ. ಬಟನ್ನಿನ ಬಣ್ಣ ಬದಲಿಸಿ ಇನ್ನೊಮ್ಮೆ ಒತ್ತಿದ. ಕೆಂಪಕ್ಷರ ಅದೇ ಮಾತನ್ನೇ ಹೇಳುತ್ತಿತ್ತು.

ಬಟನ್ನಿಗೆ ರೇಗಿತು. "ಅಯ್ಯಾ ಕೆಂಪಕ್ಷರವೇ, ಅದೇನೆಂದು ಬಿಡಿಸಿ ಹೇಳಬಾರದೇ? ಒತ್ತಿಸಿಕೊಂಡು ನನ್ನ ಬೆನ್ನು ಮುರಿಯುತ್ತಿದೆ."

"ಇದಕ್ಕಿಂತ ಬಿಡಿಸಿ ಹೇಳಲು ನಾನೇನು ತಮಟೆ ಬಾರಿಸಲೇ?" ಎಂದಿತು ಕೆಂಪಕ್ಷರ. "ನನ್ನ ಬಣ್ಣ ಕಂಡೊಡನೆ ಈ ಹುಡುಗ ಹೆದರುತ್ತಾನೆ. ಓದುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾನೆ!"

ಅಷ್ಟರಲ್ಲಿ ಪ್ರಮಥ ಫೋನ್ ತೆಗೆದು, ಕೆಂಪಕ್ಷರದ ಫೋಟೊ ಹೊಡೆದು, ಸಹಪಾಠಿ ಫರ್ಹಾನಾಳಿಗೆ ಕಳಿಸಿದ: "ಏನಿದು ಮಾರಾಯ್ತಿ?"

ತಕ್ಷಣ ಉತ್ತರ ಬಂತು: "ಅದರಲ್ಲೇ ಬರೆದಿದೆಯಲ್ಲೋ! ಸರ್ವರ್ ಶುರು ಮಾಡು."

ಅವನು ಸರ್ವರ್ ಶುರು ಮಾಡಿ ಬಟನ್ ಒತ್ತಿದ. "ಪುಸ್ತಕ ಕಾದಿರಿಸಲಾಗಿದೆ" ಎಂಬ ಹಸಿರಕ್ಷರ ಮೂಡಿತು.

"ಅಂತೂ ನನ್ನ ಮಾತು ಕೇಳಿದನಲ್ಲ," ಎಂದು ಅಳಿಸಿಹೋಗುತ್ತಿದ್ದ ಕೆಂಪಕ್ಷರ ನಿಟ್ಟುಸಿರು ಬಿಟ್ಟಿತು.

ಪ್ರಮಥ ಪಕ್ಕದವನ ಕಡೆ ತಿರುಗಿದ. "ಫರ್ಹಾನಾ ಇದ್ದಳು, ಬಚಾವಾದೆ ಕಣೋ. ಈ ಹಾಳು ಎರರ್‌ಗಳು ಬಾಯಿಬಿಟ್ಟು ಏನೂ ಹೇಳುವುದೇ ಇಲ್ಲ!"